ಕರ್ನಲ್ ಡೀಬಗ್ಗಿಗೆ ಕ್ಯೂಎಮುನಾ, ಸೀರಿಯಲ್ ಕೇಬಲ್ಲಾ?

ಮೊದ್ಲೇ ಹೇಳ್ಬಿಡ್ತೇನೆ, ಜಿಡಿಬಿಗೆ (ಓಡ್ತಿರೋ ಕೋಡನ್ನ ನಿಲ್ಲಿಸಿ ಒಳಗೆ ನೋಡೋ ಡೀಬಗ್ಗರ್) ಲಿನಕ್ಸ್ ಕರ್ನಲ್, ಅಂದ್ರೆ ಓಎಸ್ಸಿನ ತಿರುಳು, ತೋರಿಸ್ಬೇಕು ಅಂದ್ರೆ ನನ್ನ ಓಟು ಕ್ಯೂಎಮುಗೆ, ಲ್ಯಾಪ್‌ಟಾಪೊಳಗೇ ಇನ್ನೊಂದು ನಕಲಿ ಕಂಪ್ಯೂಟರ್ ಓಡಿಸೋ ಸಾಫ್ಟ್‌ವೇರಿಗೆ. ಚಿಕ್ಕ ಎಸ್, ದೊಡ್ಡ ಎಸ್ ಎರಡು ಆಪ್ಷನ್ ಕೊಟ್ಟು ಶುರು ಮಾಡಿದ್ರೆ ಸಿಪಿಯು ಹೊರಡೋ ಮೊದ್ಲೇ ನಿಂತ್ಕೊಂಡು 1234 ನೆಟ್‌ವರ್ಕ್ ಪೋರ್ಟಲ್ಲಿ ಜಿಡಿಬಿಗೆ ಕಾಯ್ತಾ ಇರ್ತದೆ. ಕೇಎಎಸ್‌ಎಲ್‌ಆರ್ (ಕರ್ನಲ್ ಕೂರೋ ಅಡ್ರೆಸ್ ಅದಲುಬದಲು ಮಾಡೋ ಭದ್ರತಾ ವ್ಯವಸ್ಥೆ) ಮಾತ್ರ ಆಫ್ ಮಾಡಿ, ಕರ್ನಲ್ 4.12ರಿಂದ ಎಕ್ಸ್86ನಲ್ಲಿ ಅದು ಡೀಫಾಲ್ಟ್ ಆನ್, ಕರ್ನಲ್ ಪ್ರತಿ ಬೂಟಿಗೂ ಬೇರೆ ಅಡ್ರೆಸ್ಸಲ್ಲಿ ಕೂತ್ಕೊಳ್ತದೆ, ಇಲ್ಲಿ ಬಂದಾಗ ನಿಲ್ಲು ಅಂತ ನೀವಿಟ್ಟ ಬ್ರೇಕ್‌ಪಾಯಿಂಟ್ ಹತ್ರ ಯಾರೂ ಸುಳಿಯೋದಿಲ್ಲ.

ಕೆಜಿಡಿಬಿ ಕಥೆ ಬೇರೆ, ಅದು ಕರ್ನಲ್ಲೊಳಗೇ ಇರೋ ಡೀಬಗ್ ವ್ಯವಸ್ಥೆ, ಇನ್ನೊಂದು ಮಷೀನಿನ ಜಿಡಿಬಿ ಸೀರಿಯಲ್ ಕೇಬಲ್ಲಲ್ಲಿ ಅದರ ಜೊತೆ ಮಾತಾಡ್ತದೆ. 2008ರಲ್ಲಿ 2.6.26 ಕರ್ನಲ್ಲಿಗೇ ಸೇರಿದ್ದು, ನಿಜವಾದ ಮಷೀನ್ ಡೀಬಗ್ ಮಾಡ್ಬಹುದು ಅಂತ ಯುಎಸ್‌ಬಿ-ಸೀರಿಯಲ್ ಕನ್ವರ್ಟರ್ ಜೋಡಿ ತರಿಸ್ದೆ, ಈಗಿನ ಲ್ಯಾಪ್‌ಟಾಪಲ್ಲಿ ಕಾಮ್ ಪೋರ್ಟ್, ಅಂದ್ರೆ ಹಳೇ ಸೀರಿಯಲ್ ಕಿಂಡಿ, ಎಲ್ಲಿರ್ತದೆ ಹೇಳಿ. ಜಿಡಿಬಿ ಓಡಿಸೋ ಕಡೆ ಚಕಾರ ಇಲ್ಲ. ಟಾರ್ಗೆಟ್ (ಡೀಬಗ್ ಆಗೋ ಮಷೀನ್) ಕಡೆ ಕೆಜಿಡಿಬಿಓಸಿಗೆ, ಅಂದ್ರೆ ಕೆಜಿಡಿಬಿಗೆ ಯಾವ ಪೋರ್ಟ್ ಅಂತ ಹೇಳೋ ಸೆಟ್ಟಿಂಗಿಗೆ, ಕನ್ವರ್ಟರಿನ ಹೆಸರು ಟಿಟಿವೈಯುಎಸ್‌ಬಿ0 ಅಂತ ಕೊಟ್ರೆ 'ನೋ ಸಚ್ ಡಿವೈಸ್'. ಡಿವೈಸ್ ಕಣ್ಣೆದುರಿಗೇ ಇದೆ ಮಾರಾಯ್ರೆ, ಮಿನಿಕಾಮಲ್ಲಿ (ಸೀರಿಯಲ್ ಲೈನಿನ ಟರ್ಮಿನಲ್ ಪ್ರೋಗ್ರಾಮ್) ಟೈಪ್ ಮಾಡಿದ ಅಕ್ಷರ ಆಚೆ ಕಡೆ ಬರ್ತಾನೂ ಇದೆ!

ವಿಷಯ ಏನಂದ್ರೆ ಬ್ರೇಕ್‌ಪಾಯಿಂಟಲ್ಲಿ ಎಲ್ಲಾ ಸಿಪಿಯು ನಿಲ್ತದೆ, ಇಂಟರಪ್ಟ್ ಬಂದ್, ಆವಾಗ ಕರ್ನಲ್ಲೇ ಪೋರ್ಟನ್ನ ಒಂದೊಂದೇ ಬೈಟ್ ಕೇಳಿ ಕೇಳಿ ತಗೊಳ್ಬೇಕು, ಅದಕ್ಕೆ ಡ್ರೈವರಲ್ಲಿ ಪೋಲಿಂಗ್ ಫಂಕ್ಷನ್ ಬೇಕು. ಯುಎಸ್‌ಬಿ ಸೀರಿಯಲ್ ಡ್ರೈವರಲ್ಲಿ ಅದಿಲ್ಲ. ಕನ್ವರ್ಟರ್ ಮಾರೋ ಪೇಜಲ್ಲಿ ಇದನ್ನೆಲ್ಲ ಯಾರು ಬರೀತಾರೆ, 'ಲಿನಕ್ಸ್ ಸಪೋರ್ಟೆಡ್' ಅಂತ ಬರ್ದಿದ್ರು, ಸುಳ್ಳಂತೂ ಅಲ್ಲ. ಕಡೆಗೆ ಹುಬ್ಬಳ್ಳಿಯಿಂದ ಕಾಮ್ ಪೋರ್ಟಿರೋ ಹಳೇ ಡೆಸ್ಕ್‌ಟಾಪ್ ತಂದು ಎರಡು ಕಂಪ್ಯೂಟರನ್ನ ನೇರ ಜೋಡಿಸೋ ನಲ್ ಮೋಡೆಮ್ ಕೇಬಲ್ ಹಾಕಿ 115200 ಸ್ಪೀಡಲ್ಲಿ ಕೂರಿಸ್ದೆ, ಓಡ್ತು. ಆದ್ರೆ ಮಿನಿಕಾಮ್ ಮುಚ್ಚದೆ ಜಿಡಿಬಿ ಅಟ್ಯಾಚ್ ಮಾಡಿದ್ರೆ ಇಬ್ರೂ ಒಂದೇ ಲೈನಿಗೆ ಕಿತ್ತಾಡ್ತಾರೆ. ಮತ್ತೆ ನಮ್ಮ ಶಿರಸಿ ಮಳೆಗಾಲ ಗೊತ್ತಲ್ಲ, ಬೇಣದ ಮರ ಲೈನ್ ಮೇಲೆ ಬಿದ್ರೆ ಡೆಸ್ಕ್‌ಟಾಪ್ ಡಬ್ ಅಂತ ಆಫ್, ಹಿಡಿದಿಟ್ಟ ಬಗ್ ಅದರ ಜೊತೆಗೇ ಹೋಯ್ತು. ಕ್ಯೂಎಮು ಆದ್ರೆ ಲ್ಯಾಪ್‌ಟಾಪ್ ಬ್ಯಾಟರಿ ಮೇಲೆ ಓಡ್ತಾ ಇರ್ತದೆ.

ಡಿಆರ್‌ಜಿಎನ್ ಅಂತ ಇನ್ನೊಂದು ಡೀಬಗ್ಗರ್ ಇದೆ, ಚೆಂದ, ಮಲಗಿರೋ ಪ್ರೋಸೆಸ್ಸಿನ ಸ್ಟ್ಯಾಕ್ ಪೈಥಾನಲ್ಲಿ ತೋರಿಸ್ತದೆ, ಬ್ರೇಕ್‌ಪಾಯಿಂಟ್ ಇಡ್ಲಿಕ್ಕೆ ಆಗೋದಿಲ್ಲ. ಜಿಡಿಬಿಗೆ ಕರ್ನಲ್ ಸ್ಕ್ರಿಪ್ಟ್ ಹಾಕಿದ್ರೆ ಎಲ್‌ಎಕ್ಸ್-ಪಿಎಸ್‌ನಲ್ಲಿ ಪ್ರೋಸೆಸ್ ಪಟ್ಟಿ, ಎಲ್‌ಎಕ್ಸ್-ಸಿಂಬಲ್ಸಲ್ಲಿ ಮಾಡ್ಯೂಲಿನ ಸಿಂಬಲ್ (ಫಂಕ್ಷನ್ ಹೆಸರುಗಳು) ಸಿಗ್ತದೆ, ಜಿಡಿಬಿ ಆ ಸ್ಕ್ರಿಪ್ಟನ್ನ ನಂಬಿ ಓಡಿಸ್ಲಿಕ್ಕೆ ಆಟೋಲೋಡ್ ಸೇಫ್ ಪಾತ್ ಸೇರಿಸೋದು ಮರೀಬೇಡಿ.

ನಾನು ಬರೆಯೋದು ಫೈಲ್‌ಸಿಸ್ಟಮ್ ಕೋಡು, ದಿನಕ್ಕೆ ನಾಲ್ಕಾರು ಸಲ ಕ್ರ್ಯಾಶ್ ಮಾಡಿಸ್ಕೊಳ್ಳೋ ಆಸಾಮಿ, ಖರ್ಚಿಲ್ಲದ ಕ್ಯೂಎಮುನೇ ನಂಗೆ ಸರಿ. ನಿಮ್ದು ಅಸಲಿ ಕಾರ್ಡಿನ ಡ್ರೈವರ್ ಆದ್ರೆ ಮದರ್‌ಬೋರ್ಡಲ್ಲೇ ಕಾಮ್ ಪೋರ್ಟ್ ಇದೆಯಾ ನೋಡಿ ತಗೊಳ್ಳಿ, ಜೊತೆಗೊಂದು ಯುಪಿಎಸ್ಸು.