ಮೂರು ರಾತ್ರಿಯ ಕ್ರೂಸ್, ಎರಡು ದಿನ ಮುಂಚೆ ಬುಕಿಂಗ್: ಜೋಡಿಗಳು ಎಡವುವುದೆಲ್ಲಿ

ಬುಧವಾರ ರಾತ್ರಿ ಫೋನಿನಲ್ಲಿ ಜಾಹೀರಾತು ಕಾಣುತ್ತದೆ: ಇಬ್ಬರಿಗೆ ಮೂರು ರಾತ್ರಿ, ಊಟ ತಿಂಡಿ ಎಲ್ಲ ಸೇರಿ, ಶುಕ್ರವಾರವೇ ಹಡಗು ಹೊರಡುತ್ತದೆ, ಉಳಿದಿರುವುದು ನಾಲ್ಕೇ ಕ್ಯಾಬಿನ್. ಹೋಟೆಲ್ ಬಾಡಿಗೆಗಿಂತ ಅಗ್ಗ ಅನಿಸುತ್ತದೆ, ಹತ್ತು ನಿಮಿಷದಲ್ಲಿ ದುಡ್ಡು ಕಟ್ಟಿ ಆಗಿರುತ್ತದೆ. ಸೋಮವಾರ ಬೆಳಿಗ್ಗೆ ಅದೇ ಇಬ್ಬರು ಟರ್ಮಿನಲ್‌ನಿಂದ ಹೊರಗೆ ಬರುವಾಗ ಒಬ್ಬರ ಮುಖ ಒಬ್ಬರು ನೋಡುತ್ತಿರುವುದಿಲ್ಲ. ಕೈಯಲ್ಲಿ ಟಿಕೆಟ್ಟಿನಷ್ಟೇ ದೊಡ್ಡ ಇನ್ನೊಂದು ಬಿಲ್. ಕೆಲವರಂತೂ ಹಡಗು ಹತ್ತುವುದೇ ಇಲ್ಲ, ಚೆಕ್-ಇನ್ ಕೌಂಟರಿನಿಂದಲೇ ವಾಪಸ್. ಇಂಥ ದೂರುಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಎಡವುವ ಜಾಗಗಳು ಬೆರಳೆಣಿಕೆಯಷ್ಟೇ. ಅವುಗಳಲ್ಲಿ ಹೆಚ್ಚಿನವು ದುಡ್ಡು ಕಟ್ಟುವ ಮೊದಲೇ ಕಣ್ಣಿಗೆ ಬೀಳುವಂಥವು.

ಮೊದಲು ಗಂಟೆಯ ಲೆಕ್ಕ. ಜಾಹೀರಾತಿನಲ್ಲಿ "4 ದಿನ, 3 ರಾತ್ರಿ" ಎಂದಿರುತ್ತದೆ. ಶುಕ್ರವಾರ ಮಧ್ಯಾಹ್ನ 2ಕ್ಕೆ ಹತ್ತಿ ಸೋಮವಾರ ಬೆಳಿಗ್ಗೆ 8ಕ್ಕೆ ಇಳಿದರೆ ಅದು 66 ಗಂಟೆ. ನಿದ್ದೆಗೆ 24 ಕಳೆಯಿರಿ, 42 ಉಳಿಯಿತು. ಮೊದಲ ದಿನ ಸಂಜೆಯವರೆಗೂ ಸೂಟ್‌ಕೇಸ್ ಕ್ಯಾಬಿನ್‌ಗೆ ಬಂದಿರುವುದಿಲ್ಲ. ಕೊನೆಯ ರಾತ್ರಿ ಊಟ ಮುಗಿಸಿ ಬಂದೊಡನೆ ಅದನ್ನೇ ಮತ್ತೆ ಕಟ್ಟಿ ಬಾಗಿಲ ಹೊರಗಿಡಬೇಕು. ನಡುವೆ ಕೈಗೆ ಸಿಗುವುದು ಒಂದು ಬಂದರಿನ ದಿನ, ಒಂದು ಸಮುದ್ರದ ದಿನ, ಅಷ್ಟೇ. ವಾರದ ಪ್ರವಾಸದಲ್ಲಿ ಒಂದು ದಿನ ಕೆಟ್ಟರೆ ಇನ್ನೂ ಆರು ಇರುತ್ತವೆ. ಇಲ್ಲಿ ಒಂದು ದಿನ ಕೆಟ್ಟರೆ ಅರ್ಧ ಪ್ರವಾಸವೇ ಹೋಯಿತು.

ಇಷ್ಟು ಅಗ್ಗಕ್ಕೆ ಯಾಕೆ ಕೊಡುತ್ತಾರೆ? ಖಾಲಿ ಕ್ಯಾಬಿನ್ ಇಟ್ಟುಕೊಂಡು ಹಡಗು ಹೊರಟರೆ ಕಂಪನಿಗೆ ಆ ಕ್ಯಾಬಿನ್‌ನಿಂದ ಬಿಡಿಗಾಸೂ ಇಲ್ಲ. ಜನ ಹತ್ತಿದರೆ ಬಾರ್, ಕ್ಯಾಸಿನೊ, ಸ್ಪಾ, ಫೋಟೊ, ಬಂದರಿನ ಟೂರ್, ಎಲ್ಲದರಿಂದಲೂ ದುಡ್ಡು ಹುಟ್ಟುತ್ತದೆ. ಅಂದರೆ ಟಿಕೆಟ್ ದರ ಬರೀ ಬಾಗಿಲು ತೆರೆಯುವ ದರ. ಜೊತೆಗೆ ಕೊನೆಗೆ ಉಳಿದ ಕ್ಯಾಬಿನ್ ಅಂದರೆ ನಕ್ಷೆ ನೋಡಿ ಆರಿಸಿದವರೆಲ್ಲ ಬೇಡವೆಂದು ಬಿಟ್ಟದ್ದು ಇರಬಹುದು. ಕಾಸಿಗೆ ತಕ್ಕ ಕಜ್ಜಾಯ.

ಅದರಲ್ಲೂ "ಗ್ಯಾರಂಟಿ ಕ್ಯಾಬಿನ್" ಎಂಬ ಮಾತಿಗೆ ಮೋಸ ಹೋಗುವವರು ಜಾಸ್ತಿ. ಗ್ಯಾರಂಟಿ ಇರುವುದು ಕ್ಯಾಬಿನ್‌ನ ದರ್ಜೆಗೆ ಮಾತ್ರ: ಕಿಟಕಿ ಇಲ್ಲದ ಒಳಕೋಣೆಯೋ, ಕಿಟಕಿ ಇರುವುದೋ, ಬಾಲ್ಕನಿಯೋ ಎಂಬಷ್ಟೇ. ಯಾವ ಅಂತಸ್ತು, ಮುಂದೋ ಹಿಂದೋ, ಪಕ್ಕದಲ್ಲಿ ಏನಿದೆ, ಇದೆಲ್ಲ ಕಂಪನಿಯ ಇಷ್ಟ. ಬಾಲ್ಕನಿ ಸಿಕ್ಕರೂ ಅದರ ಮುಂದೆ ಲೈಫ್‌ಬೋಟ್ ತೂಗುತ್ತಿರಬಹುದು. ಈಜುಕೊಳದ ಡೆಕ್‌ನ ಕೆಳಗಿನ ಕ್ಯಾಬಿನ್ ಸಿಕ್ಕರೆ ಬೆಳಿಗ್ಗೆ 6ಕ್ಕೇ ತಲೆಯ ಮೇಲೆ ಕುರ್ಚಿ ಎಳೆಯುವ ಕರ್‌ಕರ್ ಶುರು. ನಾಟಕಶಾಲೆಯ ಅಥವಾ ಡಿಸ್ಕೊದ ಮೇಲಿನದಾದರೆ ಮಧ್ಯರಾತ್ರಿ ದಾಟಿದರೂ ದಿಂಬಿನೊಳಗಿಂದ ಡ್ರಮ್ ಬಡಿದಂತೆ ಕೇಳುತ್ತದೆ. ಮುಂಭಾಗದ ಕೆಳ ಅಂತಸ್ತಿನಲ್ಲಿ ಲಂಗರಿನ ಸರಪಳಿಯೂ, ಹಡಗನ್ನು ಪಕ್ಕಕ್ಕೆ ತಳ್ಳುವ ಬೋ ಥ್ರಸ್ಟರ್ ಯಂತ್ರವೂ ಹತ್ತಿರ. ಹಡಗು ನಸುಕಿನಲ್ಲಿ ಬಂದರು ಸೇರುವಾಗ ಮಂಚವೇ ನಡುಗುತ್ತದೆ. ಎರಡು ಕ್ಯಾಬಿನ್‌ಗಳ ನಡುವೆ ಒಳಬಾಗಿಲು ಇರುವ "ಕನೆಕ್ಟಿಂಗ್" ಕೋಣೆಯಾದರೆ ಪಕ್ಕದವರ ಕೆಮ್ಮೂ ಸ್ಪಷ್ಟ, ನಿಮ್ಮ ಜಗಳವೂ ಅವರಿಗೆ ಸ್ಪಷ್ಟ.

ಮಂಚದ ವಿಷಯವನ್ನು ಕೇಳಲು ಸಂಕೋಚ ಬೇಡ. ಬಹಳಷ್ಟು ಕ್ಯಾಬಿನ್‌ಗಳಲ್ಲಿ ಇರುವುದು ಎರಡು ಒಂಟಿ ಮಂಚ. ಕೇಳಿಕೊಂಡರೆ ಜೋಡಿಸಿಕೊಡುತ್ತಾರೆ, ನಡುವಿನ ಸಂದು ಮಾತ್ರ ಬೆನ್ನಿಗೆ ತಿಳಿಯುತ್ತದೆ. ಕೆಲವು ಕ್ಯಾಬಿನ್‌ಗಳಲ್ಲಿ ಮಂಚ ಜರುಗುವುದೇ ಇಲ್ಲ, ಇನ್ನು ಕೆಲವಲ್ಲಿ ಒಬ್ಬರು ಗೋಡೆಯಿಂದ ಬಿಚ್ಚುವ ಮೇಲಿನ ಅಟ್ಟಣೆಗೆ ಏಣಿ ಹತ್ತಬೇಕು. ಆದ್ದರಿಂದ ಕ್ಯಾಬಿನ್ ನಂಬರ್ ಮೊದಲೇ ಸಿಗುವ ದರ ಸ್ವಲ್ಪ ಹೆಚ್ಚಿದ್ದರೂ ಅದನ್ನೇ ತೆಗೆದುಕೊಳ್ಳಿ. ನಂಬರ್ ಸಿಕ್ಕ ಮೇಲೆ ಡೆಕ್ ಪ್ಲಾನ್ ತೆರೆದು ಮೇಲಿನ ಅಂತಸ್ತಿನಲ್ಲೂ ಕೆಳಗಿನ ಅಂತಸ್ತಿನಲ್ಲೂ ಕ್ಯಾಬಿನ್‌ಗಳೇ ಇವೆಯೇ ನೋಡಿ. ಇದ್ದರೆ ಸದ್ದು ಕಡಿಮೆ. ನಕ್ಷೆಯಲ್ಲಿ ಹೆಸರಿಲ್ಲದ ಬಿಳಿ ಜಾಗ ಕಂಡರೆ ಅದು ಅಡುಗೆಮನೆಯೋ ಸಾಮಾನು ಸಾಗಿಸುವ ದಾರಿಯೋ ಆಗಿರುವ ಸಂಭವ ಹೆಚ್ಚು.

ಹೊಯ್ದಾಟಕ್ಕೂ ಕ್ಯಾಬಿನ್ ಇರುವ ಜಾಗಕ್ಕೂ ನಂಟಿದೆ. ಹಡಗಿನ ಸ್ಟೆಬಿಲೈಸರ್ ರೆಕ್ಕೆಗಳು ಎಡಕ್ಕೂ ಬಲಕ್ಕೂ ವಾಲುವುದನ್ನು ತಗ್ಗಿಸುತ್ತವೆಯೇ ಹೊರತು ಮುಂದು ಹಿಂದು ಏರಿಳಿಯುವುದಕ್ಕೆ ಅವುಗಳಿಂದ ಹೆಚ್ಚು ಉಪಯೋಗವಿಲ್ಲ. ಸೀ-ಸಾ ಹಲಗೆಯ ನಡುವೆ ಕೂತವನಿಗೆ ಏರಿಳಿತ ಕಡಿಮೆ, ತುದಿಯವನಿಗೆ ಜಾಸ್ತಿ. ಹಾಗೇ ನಡುಭಾಗದ ಕೆಳ ಅಂತಸ್ತು ವಾಸಿ, ಮುಂಭಾಗದ ಮೇಲಂತಸ್ತು ಕಷ್ಟ. ವಾಂತಿ ಶುರುವಾದ ಮೇಲೆ ಮಾತ್ರೆ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ. ಹಡಗು ಹೊರಡುವ ಒಂದು ಗಂಟೆ ಮುಂಚೆಯೇ ನುಂಗಬೇಕು. ಕಿವಿಯ ಹಿಂದೆ ಅಂಟಿಸುವ ಸ್ಕೋಪೋಲಮಿನ್ ಪಟ್ಟಿಯಾದರೆ ಕನಿಷ್ಠ 4 ಗಂಟೆ ಮುಂಚೆ. ಕೋನ ಮುಚ್ಚಿದ ಗ್ಲಾಕೋಮಾ (ಕಣ್ಣಿನೊಳಗೆ ಒತ್ತಡ ಏರುವ ಒಂದು ರೋಗ) ಇರುವವರಿಗೆ ಆ ಪಟ್ಟಿ ಸಲ್ಲದು, ಹಾಗಾಗಿ ವೈದ್ಯರನ್ನು ಕೇಳದೆ ಅಂಟಿಸಬೇಡಿ.

ಇನ್ನು ಕೌಂಟರಿನಲ್ಲೇ ಪ್ರವಾಸ ಮುಗಿಸುವ ಸಂಗತಿ: ದಾಖಲೆ. ಕ್ಯಾಬಿನ್ ಕೆಟ್ಟದ್ದಾದರೆ ನಿದ್ದೆ ಕೆಡುತ್ತದೆ, ದಾಖಲೆ ತಪ್ಪಿದರೆ ಪೂರ್ತಿ ದುಡ್ಡು ಹೋಗುತ್ತದೆ. ಬೇರೆ ದೇಶಕ್ಕೆ ಹಾರಿ ಅಲ್ಲಿಂದ ಹಡಗು ಹತ್ತುವವರು ವೀಸಾದ ಮೇಲೆ "ಸಿಂಗಲ್ ಎಂಟ್ರಿ" ಇದೆಯೇ "ಮಲ್ಟಿಪಲ್" ಇದೆಯೇ ಎಂದು ಮೊದಲು ನೋಡಬೇಕು. ವಿಮಾನ ಇಳಿದಾಗ ಒಂದು ಪ್ರವೇಶ ಮುಗಿಯಿತು. ಹಡಗು ಇನ್ನೊಂದು ದೇಶದ ಬಂದರು ಮುಟ್ಟಿ ಮರಳಿದಾಗ ಅದು ಎರಡನೆಯ ಪ್ರವೇಶ. ಸಿಂಗಲ್ ಎಂಟ್ರಿ ಇದ್ದರೆ ಹಡಗಿನವರು ಹತ್ತಿಸುವುದಿಲ್ಲ, ಅವರದು ತಪ್ಪೂ ಅಲ್ಲ. ನಡುವಿನ ಬಂದರಿನಲ್ಲಿ ನಾವು ಇಳಿಯುವುದೇ ಇಲ್ಲ ಎಂದರೂ ಅನೇಕ ಬಾರಿ ಆ ದೇಶದ ವೀಸಾ ಕೇಳುತ್ತಾರೆ. ಪಾಸ್‌ಪೋರ್ಟ್ ಹಿಂದಿರುಗುವ ದಿನದಿಂದ ಇನ್ನೂ 6 ತಿಂಗಳು ಚಾಲ್ತಿಯಲ್ಲಿರಬೇಕು ಎಂಬ ನಿಯಮವೂ ಸಾಮಾನ್ಯ. ಮದುವೆಯ ನಂತರ ಹೆಸರು ಬದಲಾಗಿದ್ದರೆ ಟಿಕೆಟ್ಟಿನ ಮೇಲೆ ಪಾಸ್‌ಪೋರ್ಟಿನಲ್ಲಿ ಇರುವ ಹೆಸರೇ ಇರಬೇಕು, ಮನೆಯಲ್ಲಿ ಕರೆಯುವುದಲ್ಲ. ಎರಡು ದಿನದಲ್ಲಿ ವೀಸಾ ಸಾಮಾನ್ಯವಾಗಿ ಆಗುವುದಿಲ್ಲ, ಪಾಸ್‌ಪೋರ್ಟ್ ನವೀಕರಣವೂ ಅಷ್ಟೇ.

ಜೋಡಿಗಳಿಗೇ ತಟ್ಟುವ ಎರಡು ನಿಯಮ ಸಣ್ಣಕ್ಷರದಲ್ಲಿ ಇರುತ್ತವೆ. ಪ್ರವಾಸ ಮುಗಿಯುವ ದಿನಕ್ಕೆ ಗರ್ಭಕ್ಕೆ 24 ವಾರ ತುಂಬುವುದಾದರೆ ಬಹುತೇಕ ಕಂಪನಿಗಳು ಹತ್ತಿಸುವುದಿಲ್ಲ. ಲೆಕ್ಕ ಹತ್ತುವ ದಿನದ್ದಲ್ಲ, ಇಳಿಯುವ ದಿನದ್ದು. ಅದಕ್ಕಿಂತ ಕಡಿಮೆ ಇದ್ದರೂ ವೈದ್ಯರ ಪತ್ರ ಬೇಕಾಗುತ್ತದೆ. ಇನ್ನೊಂದು, ಅಮೆರಿಕದಿಂದ ಹೊರಡುವ ಅನೇಕ ಹಡಗುಗಳಲ್ಲಿ 21 ತುಂಬದ ಇಬ್ಬರಷ್ಟೇ ಒಂದು ಕ್ಯಾಬಿನ್ ತೆಗೆದುಕೊಳ್ಳುವಂತಿಲ್ಲ. ಗಂಡ ಹೆಂಡತಿ ಎಂದರೆ ವಿನಾಯಿತಿ ಇದೆ, ಆದರೆ ಮದುವೆಯ ಪ್ರಮಾಣಪತ್ರ ಕೈಯಲ್ಲಿರಬೇಕು.

ಹಡಗು ಸಂಜೆ 4ಕ್ಕೆ ಹೊರಡುತ್ತದೆ ಎಂದರೆ 3:30ಕ್ಕೆ ಹೋದರಾಯಿತು ಎಂದುಕೊಳ್ಳಬೇಡಿ. ಪ್ರಯಾಣಿಕರ ಪಟ್ಟಿ ಮೊದಲೇ ಅಧಿಕಾರಿಗಳಿಗೆ ಹೋಗಬೇಕಾದ್ದರಿಂದ ಕೌಂಟರ್ 60ರಿಂದ 90 ನಿಮಿಷ ಮುಂಚೆ ಮುಚ್ಚುತ್ತದೆ. ಅದೇ ದಿನದ ವಿಮಾನ ನಂಬಿ ಹೋಗುವುದು ಮೂರು ರಾತ್ರಿಯ ಪ್ರವಾಸದಲ್ಲಿ ಶುದ್ಧ ಜೂಜು. ಮುಂದಿನ ಬಂದರಿನಲ್ಲಿ ಹತ್ತಿಕೊಳ್ಳೋಣ ಎಂಬ ದಾರಿಯೂ ಬಹಳ ಸಲ ಮುಚ್ಚಿರುತ್ತದೆ: ಅಲ್ಲಿಗೆ ಬೇರೆ ವೀಸಾ ಬೇಕು, ಅಥವಾ ಕಾನೂನೇ ಅಡ್ಡ ಬರುತ್ತದೆ. ಅಮೆರಿಕದಲ್ಲಿ ವಿದೇಶಿ ಧ್ವಜದ ಹಡಗುಗಳು ಆ ದೇಶದ ಒಂದು ಬಂದರಿನಿಂದ ಇನ್ನೊಂದಕ್ಕೆ ಪ್ರಯಾಣಿಕರನ್ನು ಸಾಗಿಸುವುದನ್ನು 1886ರ ಕಾಯ್ದೆಯೊಂದು ಇವತ್ತಿಗೂ ನಿರ್ಬಂಧಿಸುತ್ತದೆ. ಬಂದರಿನ ಹತ್ತಿರವೇ ಇರುವವರು, ದಾಖಲೆ ಪಕ್ಕಾ ಇರುವವರು, ಯಾವ ಕೋಣೆಯಾದರೂ ಸೈ ಎನ್ನುವವರು, ಇವರಿಗೆ ಮಾತ್ರ ಈ ಅಗ್ಗದ ಟಿಕೆಟ್ ನಿಜಕ್ಕೂ ಅಗ್ಗ.

ರದ್ದು ಮಾಡಿದರೆ? ಮಾಮೂಲಿ ಬುಕಿಂಗ್‌ನಲ್ಲಿ ಮುಂಗಡ, ಆಮೇಲೆ ಬಾಕಿ, ಹೊರಡುವ ದಿನ ಹತ್ತಿರವಾದಂತೆ ಏರುವ ದಂಡ. ಕೊನೇ ವಾರದಲ್ಲಿ ಬುಕ್ ಮಾಡಿದವರು ನೇರವಾಗಿ ಆ ಏಣಿಯ ತುದಿಯಲ್ಲೇ ನಿಂತಿರುತ್ತಾರೆ: ಪೂರ್ತಿ ಹಣ ತಕ್ಷಣ ಕಟ್ಟಬೇಕು, ಮರುದಿನವೇ ರದ್ದು ಮಾಡಿದರೂ ಟಿಕೆಟ್ ದರ ಸಾಮಾನ್ಯವಾಗಿ ವಾಪಸ್ ಬರುವುದಿಲ್ಲ. ವಿಮೆ ಇದೆಯಲ್ಲ ಎಂದರೆ, ವಿಮೆ ಕೊಳ್ಳುವ ಹೊತ್ತಿಗೇ ಗೊತ್ತಿದ್ದ ತೊಂದರೆಗೆ ಅದು ಹಣ ಕೊಡುವುದಿಲ್ಲ. ಚಂಡಮಾರುತಕ್ಕೆ ಹೆಸರಿಟ್ಟ ಮೇಲೆ ಕೊಂಡ ವಿಮೆ ಆ ಚಂಡಮಾರುತಕ್ಕೆ ನಡೆಯುವುದಿಲ್ಲ. ಆದರೂ ವೈದ್ಯಕೀಯ ಭಾಗಕ್ಕಾಗಿ ವಿಮೆ ಬೇಕೇ ಬೇಕು. ಹಡಗಿನ ಕ್ಲಿನಿಕ್ ಖಾಸಗಿ ದರದಲ್ಲಿ ಬಿಲ್ ಮಾಡುತ್ತದೆ, ಊರಿನ ಆರೋಗ್ಯ ವಿಮೆ ಅಲ್ಲಿ ಎಷ್ಟೋ ಸಲ ನಡೆಯುವುದಿಲ್ಲ.

ಈಗ ಬಿಲ್ಲಿಗೆ ಬನ್ನಿ, ಇಲ್ಲಿ ಮೂಗಿಗಿಂತ ಮೂಗುತಿ ಭಾರ. ಜಾಹೀರಾತಿನ ದರ ತಲೆಗೆ, ಕ್ಯಾಬಿನ್‌ಗಲ್ಲ, ಎರಡರಿಂದ ಗುಣಿಸಿ. ಬಂದರಿನ ಶುಲ್ಕ ಮತ್ತು ತೆರಿಗೆ ಬೇರೆ ಇದ್ದರೆ ಸೇರಿಸಿ. ಹತ್ತಿ ಇಳಿಯುವ ಬಂದರಿನ ತಲೆಗಂದಾಯ ಮೂರು ರಾತ್ರಿಯವರಿಗೂ ಏಳು ರಾತ್ರಿಯವರಿಗೂ ಹೆಚ್ಚುಕಡಿಮೆ ಅಷ್ಟೇ ಆದ್ದರಿಂದ ಚಿಕ್ಕ ಪ್ರವಾಸದಲ್ಲಿ ಅದು ಎದ್ದು ಕಾಣುತ್ತದೆ. ಆಮೇಲೆ "ಗ್ರಾಚ್ಯುಯಿಟಿ". ಇದು ನಿವೃತ್ತಿಯಾದಾಗ ಬರುವ ಹಣವಲ್ಲ, ಸಿಬ್ಬಂದಿಗೆಂದು ತಲೆಗೆ ದಿನಕ್ಕೆ ಇಷ್ಟು ಎಂದು ಅನೇಕ ಹಡಗುಗಳಲ್ಲಿ ನಿಮ್ಮ ಖರ್ಚು ಬರೆದಿಡುವ ಹಡಗಿನ ಖಾತೆಗೆ ತಾನಾಗಿಯೇ ಬೀಳುವ ಟಿಪ್ಸ್. ಇಬ್ಬರಿಗೆ ಮೂರು ದಿನವೆಂದರೆ ಆರು ಪಾಲು. ವೈಫೈ ಬೇರೆ. ಪಾನೀಯಗಳ ಮೇಲೆ ಸೇವಾಶುಲ್ಕ ಎಂದು 18ರಿಂದ 20 ಶೇಕಡಾ ಬೇರೆ.

ಡ್ರಿಂಕ್ಸ್ ಪ್ಯಾಕೇಜ್ ಬಗ್ಗೆ ಒಂದು ಮಾತು ಹೆಚ್ಚಿಗೆ ಹೇಳಬೇಕು. ಒಂದು ಕ್ಯಾಬಿನ್‌ನಲ್ಲಿ ಒಬ್ಬರು ತೆಗೆದುಕೊಂಡರೆ ಇನ್ನೊಬ್ಬ ವಯಸ್ಕರೂ ತೆಗೆದುಕೊಳ್ಳಲೇಬೇಕು ಎಂಬ ನಿಯಮ ದೊಡ್ಡ ಕಂಪನಿಗಳಲ್ಲಿ ಮಾಮೂಲು, ಅದೂ ಪ್ರವಾಸದ ಎಲ್ಲ ದಿನಕ್ಕೂ. ಗಂಡ ಕುಡಿಯುತ್ತಾನೆ, ಹೆಂಡತಿ ಮುಟ್ಟುವುದಿಲ್ಲ ಎಂದರೆ ಅವಳ ಪಾಲು ನೀರಿಗೆ. ದಿನಕ್ಕೆ ಐದಾರು ಗ್ಲಾಸ್ ಆದರಷ್ಟೇ ಸಾಮಾನ್ಯವಾಗಿ ಗಿಟ್ಟುವ ಲೆಕ್ಕವಿದು. ಮೊದಲ ದಿನ ಅರ್ಧ, ಬಂದರಿನ ದಿನ ಹೊರಗೆ. ಬಿಡಿಬಿಡಿಯಾಗಿ ಕೊಳ್ಳುವುದೇ ಬಹುಮಂದಿಗೆ ಲಾಭ.

ಹತ್ತುವಾಗ ಹಡಗಿನ ಖಾತೆಗೆ ಡೆಬಿಟ್ ಕಾರ್ಡ್ ಕೊಡಬೇಡಿ. ದಿನದಿನವೂ ಮೊತ್ತವನ್ನು ತಡೆಹಿಡಿಯುತ್ತಾರೆ, ಅದು ಬಿಡುಗಡೆಯಾಗಲು ಪ್ರವಾಸ ಮುಗಿದ ಮೇಲೂ ಕೆಲವು ದಿನ ಬೇಕು, ಅಷ್ಟರವರೆಗೆ ನಿಮ್ಮದೇ ಹಣ ನಿಮಗಿಲ್ಲ. ಹಡಗು ದಡ ಬಿಡುವ ಮುನ್ನ ಫೋನ್ ಏರೋಪ್ಲೇನ್ ಮೋಡ್‌ಗೆ ಹಾಕಿ. ಹಡಗಿಗೇ ಉಪಗ್ರಹದ ಮೂಲಕ ನಡೆಯುವ ತನ್ನದೇ ಮೊಬೈಲ್ ಜಾಲ ಇರುತ್ತದೆ, ಫೋನ್ ತಾನಾಗಿ ಅದಕ್ಕೆ ಅಂಟಿಕೊಂಡರೆ ರೋಮಿಂಗ್ ಬಿಲ್ ಕಣ್ಣೀರು ತರಿಸುತ್ತದೆ.

ಬ್ಯಾಗಿನಲ್ಲಿ ಇಸ್ತ್ರಿಪೆಟ್ಟಿಗೆ, ಕೆಟಲ್, ಮೇಣದಬತ್ತಿ ಇದ್ದರೆ ತಪಾಸಣೆಯಲ್ಲಿ ತೆಗೆದಿಡುತ್ತಾರೆ. ವೋಲ್ಟೇಜ್ ಏಕಾಏಕಿ ಏರಿದರೆ ತಡೆಯುವ ಸರ್ಜ್ ಪ್ರೊಟೆಕ್ಟರ್ ಇರುವ ಎಕ್ಸ್‌ಟೆನ್ಷನ್ ಬೋರ್ಡ್ ಕೂಡ. ಅದು ಕಿರಿಕಿರಿಗೆ ಮಾಡುವುದಲ್ಲ: ಹಡಗಿನ ವಿದ್ಯುತ್ ವ್ಯವಸ್ಥೆ ಮನೆಯಂತೆ ಒಂದು ತಂತಿಯನ್ನು ನೆಲಕ್ಕೆ ಕಟ್ಟಿದ್ದಲ್ಲ, ಅಲ್ಲಿ ಆ ಬೋರ್ಡ್ ಬಿಸಿಯಾಗಿ ಬೆಂಕಿ ಹತ್ತಬಹುದು. ದಿನದ ಮಾತ್ರೆ, ದಾಖಲೆ, ಒಂದು ಜೊತೆ ಬಟ್ಟೆ ಕೈಚೀಲದಲ್ಲೇ ಇರಲಿ.

ಹತ್ತಿದ ದಿನದ ಸುರಕ್ಷತಾ ತಾಲೀಮು ತಪ್ಪಿಸಬೇಡಿ. 2012ರ ಜನವರಿ 13ರಂದು ಇಟಲಿಯ ಬಳಿ ಕೋಸ್ಟಾ ಕಾಂಕೋರ್ಡಿಯಾ ಎಂಬ ಕ್ರೂಸ್ ಹಡಗು ಬಂಡೆಗೆ ಬಡಿದು 32 ಜನ ಸತ್ತಾಗ, ಅದೇ ದಿನ ಹತ್ತಿದ್ದವರಿಗೆ ಇನ್ನೂ ತಾಲೀಮು ಆಗಿರಲಿಲ್ಲ. 2015ರಿಂದ ಹೊರಡುವ ಮುನ್ನ ಅಥವಾ ಹೊರಟ ಕೂಡಲೇ ತಾಲೀಮು ಕಡ್ಡಾಯ. ಈಗ ಅನೇಕ ಹಡಗುಗಳಲ್ಲಿ ಫೋನಿನಲ್ಲೋ ಟಿವಿಯಲ್ಲೋ ವಿಡಿಯೋ ನೋಡಿ, ಅಪಾಯ ಬಂದಾಗ ನೀವು ಸೇರಬೇಕಾದ ಜಾಗಕ್ಕೆ, ಅಂದರೆ ಮಸ್ಟರ್ ಸ್ಟೇಷನ್‌ಗೆ ಹೋಗಿ ಕಾರ್ಡ್ ತೋರಿಸಿದರೆ ಆಯಿತು.

ಪ್ರವಾಸದ ಏಕೈಕ ಬಂದರು ಕೈತಪ್ಪುವುದು ಅತಿ ದೊಡ್ಡ ನಿರಾಸೆ. ಗಾಳಿ ಅಲೆ ಜೋರಿದ್ದರೆ ಕ್ಯಾಪ್ಟನ್ ಬಂದರು ಬಿಟ್ಟು ಮುಂದೆ ಹೋಗಬಹುದು, ಟಿಕೆಟ್ಟಿನ ಕರಾರಿನಲ್ಲೇ ಆ ಹಕ್ಕು ಬರೆದಿರುತ್ತದೆ. ನಿಮಗೆ ಮರಳುವುದು ಬಂದರಿನ ಶುಲ್ಕವಷ್ಟೇ. ಬುಕ್ ಮಾಡುವ ಮುಂಚೆ ಕೇಳಬೇಕಾದ್ದು ಒಂದೇ: ಹಡಗು ಕಟ್ಟೆಗೆ ನಿಲ್ಲುತ್ತದೆಯೇ, ದೂರದಲ್ಲಿ ಲಂಗರು ಹಾಕಿ ಟೆಂಡರ್ ದೋಣಿಯಲ್ಲಿ ಕರೆದೊಯ್ಯುತ್ತಾರೆಯೇ? ಟೆಂಡರ್ ಆದರೆ ಸಾಧಾರಣ ಅಲೆಗೂ ರದ್ದಾಗಬಹುದು. ಹಡಗಿನವರ ಮೂಲಕ ಕೊಂಡ ಟೂರ್‌ನ ಹಣ ಆಗ ವಾಪಸ್ ಬರುತ್ತದೆ. ಹೊರಗಿನವರಿಗೆ ಕಟ್ಟಿದ್ದು ಅವರವರ ಕರಾರಿನಂತೆ. ಇಳಿದವರು ಕೈಗೆ ಮಾಮೂಲಿ ಗಡಿಯಾರ ಕಟ್ಟಿಕೊಂಡು ಹಡಗಿನ ಸಮಯಕ್ಕೆ ಹೊಂದಿಸಿಕೊಳ್ಳಿ. ಫೋನ್ ದಡದ ಟವರ್ ಹಿಡಿದು ಒಂದು ಗಂಟೆ ಹಿಂದೆ ಮುಂದೆ ತೋರಿಸಿದರೆ ಹಡಗು ನಿಮಗಾಗಿ ಕಾಯುವುದಿಲ್ಲ.

ಕೊನೆಯ ರಾತ್ರಿ ಊಟಕ್ಕೆ ಹೋಗುವ ಮುಂಚೆ ಟಿವಿಯಲ್ಲೋ ಆ್ಯಪ್‌ನಲ್ಲೋ ಖಾತೆ ತೆರೆದು ಸಾಲು ಸಾಲಾಗಿ ಓದಿ. ಕುಡಿಯದ ಕಾಫಿ, ಕೊಳ್ಳದ ಫೋಟೊ, ಎರಡು ಸಲ ಬಿದ್ದ ಟಿಪ್ಸ್ ಕಂಡರೆ ಆಗಲೇ ಗೆಸ್ಟ್ ಸರ್ವೀಸಸ್ ಕೌಂಟರಿಗೆ ಹೋಗಿ ತೆಗೆಸಿ. ಬೆಳಿಗ್ಗೆ 7ಕ್ಕೆ ಹೋದರೆ ಸಾಲು ಲಿಫ್ಟ್‌ವರೆಗೆ ಬೆಳೆದಿರುತ್ತದೆ, 8ಕ್ಕೆ ಇಳಿಯಬೇಕು, ಕಾರ್ಡಿನಿಂದ ಹಣ ಅಷ್ಟು ಹೊತ್ತಿಗೆ ಹೋಗಿಯೂ ಆಗಿರುತ್ತದೆ.