ಮಳೆಯ ಪಾಠಕ್ಕೆ ಯಾವುದು ವಾಸಿ: ಗೋಡೆಯ ಚಾರ್ಟೋ, ಅಂಗಳದ ಬಾಟಲಿಯೋ?

ನಮ್ಮ ಕಡೆ ಮಕ್ಕಳು ಒಂದನೇ ಕ್ಲಾಸಿಗೆ ಸೇರುವುದೂ ಮಳೆಗಾಲ ಹಿಡಿಯುವುದೂ ಒಟ್ಟೊಟ್ಟಿಗೆ. ಹೊಸ ಬ್ಯಾಗಿನ ಜೊತೆಗೇ ಹೊಸ ಕೊಡೆ ಬರುತ್ತದೆ. ಹಾಗಾಗಿ ತೀರ್ಥಹಳ್ಳಿ ಸೀಮೆಯ ಶಾಲೆಯಲ್ಲಿ ಹವಾಮಾನದ ಪಾಠಕ್ಕೆ ಪೀಠಿಕೆ ಬೇಡ. ಆದರೆ ಏನನ್ನು ಇಟ್ಟುಕೊಂಡು ಕಲಿಸುತ್ತೇವೆ ಅನ್ನುವುದರ ಮೇಲೆ ಮಕ್ಕಳು ಕಲಿಯುವುದು ತುಂಬ ಬದಲಾಗುತ್ತದೆ. ಒಂದರಿಂದ ಮೂರನೇ ಕ್ಲಾಸಿನವರ ಜೊತೆ ನಾನು ಬಳಸಿ ನೋಡಿದ್ದು ಇವು: ಗೋಡೆಯ ಹವಾಮಾನ ಚಾರ್ಟು, ಬಾಟಲಿಯ ಮಳೆಮಾಪಕ, ಮೊಬೈಲಿನ ಮುನ್ಸೂಚನೆ, ಮಳೆ ನಕ್ಷತ್ರದ ಲೆಕ್ಕ. ಮಳೆಗಾಲದ ಮಟ್ಟಿಗೆ ನನ್ನ ಓಟು ಬಾಟಲಿಗೆ.

ಚಾರ್ಟು ಎಲ್ಲರಿಗೂ ಗೊತ್ತಿರುವುದೇ. ಸುತ್ತ ಬಿಸಿಲು, ಮೋಡ, ಮಳೆ, ಗಾಳಿಯ ಚಿತ್ರ, ನಡುವೆ ತಿರುಗುವ ಮುಳ್ಳು. ಸರ್ಕಾರಿ ಶಾಲೆಗಳಲ್ಲಿ ಚಿಕ್ಕವರಿಗೆ ಚಟುವಟಿಕೆಯಿಂದ ಕಲಿಸುವ ನಲಿ-ಕಲಿ ಕೋಣೆಗಳಿಗೆ ಇದು ಹೊಸದಲ್ಲ. ಇದರಲ್ಲಿ ಒಂದು ದೊಡ್ಡ ಗುಣ ಇದೆ. ಕ್ಲಾಸಿನಲ್ಲಿ ಬಾಯೇ ಬಿಡದ ಮಗು ಕೂಡ ಎದ್ದು ಬಂದು, ಕಿಟಕಿಯಾಚೆ ನೋಡಿ ಮುಳ್ಳು ತಿರುಗಿಸುತ್ತದೆ. ಓದು ಬರಬೇಕಾಗಿಲ್ಲ, ಅಂಕಿ ಬರಬೇಕಾಗಿಲ್ಲ.

ತೊಂದರೆ ಶುರುವಾಗುವುದು ಆಷಾಢದಲ್ಲಿ. ಸೋಮವಾರ ಮಳೆ, ಮಂಗಳವಾರ ಮಳೆ, ಶನಿವಾರದವರೆಗೂ ಮಳೆ. ಮುಳ್ಳು ಇದ್ದಲ್ಲೇ ಇರುತ್ತದೆ. ದಿನಕ್ಕೊಂದು ಥರ ಹವೆ ಇರುವ ಊರಿಗೆ ಮಾಡಿದ ಚಾರ್ಟು ಅದು. ಮಲೆನಾಡಿನ ಜುಲೈನಲ್ಲಿ ಮಳೆ ಬಂತಾ ಅಂತ ಯಾರೂ ಕೇಳುವುದಿಲ್ಲ, ಎಷ್ಟು ಬಂತು ಅಂತ ಕೇಳುತ್ತಾರೆ. ಮಕ್ಕಳಿಗೂ ಅದು ಗೊತ್ತು. ಕೊಡೆ ಸಾಕಾಗುವ ಮಳೆ, ಕೊಡೆಯನ್ನೇ ಮಗುಚಿಹಾಕುವ ಮಳೆ, ಹಳ್ಳ ದಾಟಿಸೋಕೆ ಅಪ್ಪ ಬರಬೇಕಾದ ಮಳೆ, ಇವೆಲ್ಲ ಅವರಿಗೆ ಬೇರೆ ಬೇರೆ. ಚಾರ್ಟಿಗೆ ಎಲ್ಲವೂ ಒಂದೇ ಚಿತ್ರ.

ಬಾಟಲಿ ಗೆಲ್ಲುವುದು ಇಲ್ಲಿ. ಎರಡು ಲೀಟರಿನ ಬಾಟಲಿ ಸಾಕು. ಅದರ ಮೈ ನೇರವಾಗಿರಬೇಕು, ನಡು ಸಣ್ಣ ಇರುವುದು ಬೇಡ. ಕುತ್ತಿಗೆ ಕೆಳಗೆ ಕತ್ತರಿಸಿ, ಮೇಲಿನ ತುಂಡನ್ನು ತಲೆಕೆಳಗಾಗಿ ಬಾಯಿಗೆ ಕೂರಿಸಿದರೆ ಆಲಿಕೆ ಆಯಿತು. ತಳದಲ್ಲಿ ಉಬ್ಬುತಗ್ಗು ಇರುತ್ತದಲ್ವಾ, ಅದಕ್ಕೆ ಸಣ್ಣ ಕಲ್ಲು ತುಂಬಿ, ಅವು ಮುಳುಗುವಷ್ಟು ನೀರು ಹಾಕಿ ಗೆರೆ ಎಳೆಯಿರಿ. ಆ ಗೆರೆಯೇ ಸೊನ್ನೆ. ಇಡುವ ಜಾಗ ಮುಖ್ಯ. ಹೆಂಚಿನ ಸೂರಿನಿಂದ, ಅಡಿಕೆ ಮರಗಳಿಂದ ದೂರ, ಬಯಲಿನಲ್ಲಿ ಇಡಬೇಕು. ನೆಲದ ನೀರು ಸಿಡಿಯದ ಹಾಗೆ ಒಂದಡಿ ಎತ್ತರದಲ್ಲಿ, ಗಾಳಿಗೆ ಬೀಳದ ಹಾಗೆ ಸುತ್ತ ಇಟ್ಟಿಗೆ ಕೊಟ್ಟು ಇಡಬೇಕು. ಹವಾಮಾನ ಇಲಾಖೆಯವರು ದಿನಾ ಬೆಳಿಗ್ಗೆ 8:30ಕ್ಕೆ ಅಳೆಯುತ್ತಾರೆ. ಶಾಲೆಯಲ್ಲಿ ಪ್ರಾರ್ಥನೆಗೆ ಮೊದಲು ಅಳೆದರೂ ಆಗುತ್ತದೆ, ಆದರೆ ದಿನಾ ಅದೇ ಹೊತ್ತಿಗೆ ಅಳೆಯಬೇಕು. ಅಳೆದ ಮೇಲೆ ನೀರನ್ನು ಸೊನ್ನೆ ಗೆರೆಗೆ ಇಳಿಸಿಬಿಡಬೇಕು.

ಮೂರನೇ ಕ್ಲಾಸಿನವರು ಸ್ಕೇಲ್ ಇಟ್ಟು ಮಿಲಿಮೀಟರ್ ಓದುತ್ತಾರೆ. ಒಂದನೇ ಕ್ಲಾಸಿನವರಿಗೆ ಅದು ಬರುವುದಿಲ್ಲ, ಅವರಿಗೆ ಕಾಗದದ ಪಟ್ಟಿ. ನೀರು ಎಷ್ಟು ಎತ್ತರ ನಿಂತಿದೆಯೋ ಅಷ್ಟೇ ಉದ್ದದ ನೀಲಿ ಪಟ್ಟಿ ಕತ್ತರಿಸಿ, ಆ ದಿನದ ಹೆಸರು ಬರೆದು ಕಲಿಕಾ ಚಪ್ಪರದ ದಾರಕ್ಕೆ, ಅಂದರೆ ಮಕ್ಕಳ ಕೆಲಸ ತೂಗುಹಾಕಲು ಕ್ಲಾಸಿನಲ್ಲಿ ತಲೆಯ ಮೇಲೆ ಕಟ್ಟಿರುವ ದಾರಕ್ಕೆ, ತೂಗುಹಾಕುತ್ತೇವೆ. ವಾರ ಕಳೆಯುವಷ್ಟರಲ್ಲಿ ಉದ್ದದ ದಿನ, ಗಿಡ್ಡ ದಿನ ಎಲ್ಲ ಕಣ್ಣೆದುರಿಗೇ ಇರುತ್ತವೆ. "ಬುಧವಾರ ಇದರ ಎರಡರಷ್ಟು ಇತ್ತು ಮಿಸ್" ಅಂತ ಆರು ವರ್ಷದ ಮಗು ಹೇಳುವಾಗ ಅದು ಗಣಿತವೂ ಹೌದು, ಹವಾಮಾನವೂ ಹೌದು. ಚಾರ್ಟಿನಿಂದ ಇದು ಸಿಗುವುದಿಲ್ಲ.

ದೊಡ್ಡ ಮಕ್ಕಳಿಗೆ ಇನ್ನೊಂದು ಮಾಡಿ ನೋಡಿ. ಜಗಲಿಯ ಮೇಲೆ ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲದ ಚೌಕ ಬರೆಯಿರಿ. ಒಂದು ಮಿಲಿಮೀಟರ್ ಮಳೆ ಅಂದರೆ ಆ ಚೌಕಕ್ಕೆ ಒಂದು ಲೀಟರ್ ನೀರು. ಹತ್ತು ಮಿಲಿಮೀಟರ್ ಅಂದರೆ ಹತ್ತು ಲೀಟರ್, ಹೆಚ್ಚುಕಡಿಮೆ ಒಂದು ಸಣ್ಣ ಕೊಡ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಜಾಸ್ತಿ ಬೀಳುತ್ತದೆ. ಏಳು ಮೀಟರ್ ಹಗ್ಗ ಹಿಡಿದು ಜಗಲಿ ಉದ್ದಕ್ಕೂ ನಡೆಸಿದಾಗ ಮಕ್ಕಳು ಬಾಯಿ ತೆರೆದು ನೋಡುತ್ತಾರೆ. ಶಿವಮೊಗ್ಗ ಪೇಟೆಯಲ್ಲಿ ಅದರ ಕಾಲುಭಾಗವೂ ಬೀಳುವುದಿಲ್ಲ. ಕಡಲಿಂದ ಬಂದ ಒದ್ದೆ ಗಾಳಿ ಘಟ್ಟಕ್ಕೆ ತಾಗಿ ಮೇಲೇರುತ್ತದೆ, ತಣ್ಣಗಾಗುತ್ತದೆ, ಅಲ್ಲೇ ಸುರಿಯುತ್ತದೆ. ಘಟ್ಟ ದಾಟಿ ಒಳಗೆ ಬರುವಷ್ಟರಲ್ಲಿ ಅದರ ಹೊರೆ ಇಳಿದಿರುತ್ತದೆ. ಅಷ್ಟು ಹೇಳಿದರೆ ಅವರಿಗೆ ಸಾಕು.

ಮೊಬೈಲ್ ಮುನ್ಸೂಚನೆ ಚಿಕ್ಕವರಿಗೆ ದಕ್ಕುವುದಿಲ್ಲ. ಎಚ್ಚರಿಕೆ ಬರುವುದು ಇಡೀ ಜಿಲ್ಲೆಗೆ. ನಮ್ಮ ಜಿಲ್ಲೆಯಲ್ಲಿ ಆಗುಂಬೆಯೂ ಇದೆ, ಮಳೆ ಕಡಿಮೆ ಇರುವ ಶಿಕಾರಿಪುರವೂ ಇದೆ. ಪರದೆಯಲ್ಲಿ ಒಂದು ಇರುತ್ತದೆ, ಕಿಟಕಿಯಾಚೆ ಇನ್ನೊಂದು. ನಾಳೆ ಅನ್ನುವುದೇ ಇನ್ನೂ ಸರಿಯಾಗಿ ಕೂರದ ವಯಸ್ಸಿನಲ್ಲಿ ಇದರಿಂದ ಗೊಂದಲವೇ ಜಾಸ್ತಿ. ಆದರೆ ಹಳದಿ, ಕಿತ್ತಳೆ, ಕೆಂಪು ಬಣ್ಣದ ಎಚ್ಚರಿಕೆ ಮಕ್ಕಳಿಗೆ ಚೆನ್ನಾಗಿ ಗೊತ್ತು, ರಜೆಯ ಸುದ್ದಿ ಬರುವುದು ಅದರ ಜೊತೆಗೇ ಅಲ್ವಾ! ಅದನ್ನು ಬಾಟಲಿಗೆ ಜೋಡಿಸಬಹುದು. ಒಂದು ದಿನದಲ್ಲಿ 64.5 ಮಿಲಿಮೀಟರ್ ಬಿದ್ದರೆ ಇಲಾಖೆಯ ಲೆಕ್ಕದಲ್ಲಿ ಅದು ಭಾರಿ ಮಳೆ. ಆ ಎತ್ತರಕ್ಕೆ ಬಾಟಲಿಗೆ ಒಂದು ದಾರ ಕಟ್ಟಿದ್ದೇನೆ. ನೀರು ದಾರ ದಾಟಿದ ದಿನ ಕ್ಲಾಸಿನಲ್ಲಿ ಗಲಾಟೆಯೋ ಗಲಾಟೆ.

ಮಳೆ ನಕ್ಷತ್ರದ ಲೆಕ್ಕ ನನಗೆ ತುಂಬ ಇಷ್ಟ. ಮೃಗಶಿರ, ಆರಿದ್ರ, ಪುನರ್ವಸು, ಪುಷ್ಯ, ಆಶ್ಲೇಷ, ಮಘೆ, ಹೀಗೆ ಒಂದೊಂದು ಹದಿಮೂರು ಹದಿನಾಲ್ಕು ದಿನ. ಚಿಕ್ಕವರಿಗೆ ತಿಂಗಳು ಉದ್ದವಾಯಿತು, ವಾರ ಗಿಡ್ಡವಾಯಿತು. ಈ ಅಳತೆ ಸರಿಯಾಗಿ ಕೂರುತ್ತದೆ. ನಕ್ಷತ್ರ ಬದಲಾದಾಗ ಮನೆಯಲ್ಲಿ ಅಜ್ಜ ಅಜ್ಜಿಯನ್ನು ಕೇಳಿಕೊಂಡು ಬನ್ನಿ ಅಂದರೆ ಗಾದೆಗಳು ಬರುತ್ತವೆ. "ಮಘೆ ಮಳೆ ಬಂದಷ್ಟೂ ಒಳ್ಳೇದು, ಮನೆಮಗ ಉಂಡಷ್ಟೂ ಒಳ್ಳೇದು" ಅಂತ ಹೇಳಿಕೊಂಡು ಬಂದ ಮಗುವಿಗೆ ಆ ದಿನ ಹೆಮ್ಮೆ. ಆದರೆ ಇದನ್ನು ಒಂದೇ ನೆಚ್ಚಿಕೊಂಡರೆ ಪುಷ್ಯ ಬಂದದ್ದಕ್ಕೇ ಮಳೆ ಬಂತು ಅಂತ ಮಕ್ಕಳು ತಿಳಿಯುತ್ತಾರೆ. ಸೂರ್ಯ ಯಾವ ನಕ್ಷತ್ರದ ಹತ್ತಿರ ಇದ್ದಾನೆ ಅನ್ನುವ ಕ್ಯಾಲೆಂಡರ್ ಅದು, ಮಳೆ ತರುವುದು ಕಡಲ ಗಾಳಿ ಅಂತ ಬಿಡಿಸಿ ಹೇಳಲೇಬೇಕು. ನಾವು ನೀಲಿ ಪಟ್ಟಿಗಳನ್ನು ನಕ್ಷತ್ರದ ಪ್ರಕಾರ ಗೊಂಚಲು ಕಟ್ಟುತ್ತೇವೆ. ಈ ವರ್ಷ ಪುನರ್ವಸು ಜೋರೋ ಪುಷ್ಯ ಜೋರೋ ಅನ್ನುವುದನ್ನು ಅಜ್ಜನ ಮಾತಿನ ಪಕ್ಕ ಇಟ್ಟು ನೋಡಬಹುದು.

ದಸರಾ ರಜೆ ಮುಗಿದ ಮೇಲೆ ಬಾಟಲಿ ಬಹಳ ದಿನ ಖಾಲಿ. ಆಗ ಚಾರ್ಟಿನ ಕಾಲ. ಬೆಳಿಗ್ಗೆ ಮಂಜು, ಮಧ್ಯಾಹ್ನ ಚುರುಕು ಬಿಸಿಲು, ಸಂಜೆ ಗುಡುಗು, ಹೀಗೆ ಒಂದೇ ದಿನದಲ್ಲಿ ಮೂರು ಥರ. ದಿನಕ್ಕೊಂದೇ ಸಲ ಮುಳ್ಳು ತಿರುಗಿಸುವುದು ಬಿಟ್ಟು, ಬೆಳಿಗ್ಗೆ, ಊಟದ ಹೊತ್ತು, ಮನೆಗೆ ಹೋಗುವ ಹೊತ್ತು ಅಂತ ಮೂರು ಸಲ ಮಾಡಿಸಿ. ಮಂಜಿನ ಚಿತ್ರ ಅಂಗಡಿಯ ಚಾರ್ಟಿನಲ್ಲಿ ಇಲ್ಲದಿದ್ದರೆ ಮಕ್ಕಳ ಕೈಯಲ್ಲೇ ಬರೆಸಿ ಅಂಟಿಸಿ.

ಬಾಟಲಿಯಲ್ಲಿ ಒಂದು ಕೊರತೆ ಉಳಿಯುತ್ತದೆ. ಅತಿ ಜೋರು ಮಳೆಯ ದಿನ ಶಾಲೆಗೆ ರಜೆ. ಅಂದರೆ ಎಲ್ಲಕ್ಕಿಂತ ಉದ್ದದ ಪಟ್ಟಿಯೇ ತಪ್ಪಿಹೋಗುತ್ತದೆ. ಅದಕ್ಕೆ ಮೂರನೇ ಕ್ಲಾಸಿನ ಕೆಲವರ ಮನೆಯಂಗಳದಲ್ಲೂ ಒಂದೊಂದು ಬಾಟಲಿ ಇಡಿಸಿದ್ದೇವೆ. ರಜೆಯ ದಿನ ಅಪ್ಪ ಅಮ್ಮ ಅಳೆದು ಕೊಡುತ್ತಾರೆ, ಮಗು ಪಟ್ಟಿ ಕತ್ತರಿಸಿ ತರುತ್ತದೆ. ಗುಡ್ಡದ ಮೇಲಿನ ಮನೆಯ ಪಟ್ಟಿಗೂ ಹೊಳೆ ಬದಿಯ ಮನೆಯ ಪಟ್ಟಿಗೂ ಉದ್ದದಲ್ಲಿ ವ್ಯತ್ಯಾಸ ಬರುತ್ತದೆ. ಯಾಕಿರಬಹುದು ಅಂತ ಮಕ್ಕಳು ಈಗ ತಾವೇ ಕೇಳೋಕೆ ಶುರು ಮಾಡಿದ್ದಾರೆ.