ಕ್ರೈಮ್ ಸೀನ್ ಆನ್‌ಲೈನ್ ಕೋರ್ಸ್, ಜೊತೆಗೆ ಬರೋ ಕಿಟ್: ಪಾಠಕ್ಕೆ ನಾಲ್ಕೂವರೆ ಸ್ಟಾರ್, ಡಬ್ಬಕ್ಕೆ ಎರಡು

ಮೊದ್ಲೇ ಹೇಳ್ಬಿಡ್ತೀನಿ, ರಕ್ತದ ಕಲೆ ಹುಡುಕೋ ಲೂಮಿನಾಲ್ ಸ್ಪ್ರೇ ಹೊಡೆದು ಕತ್ತಲಲ್ಲಿ ನೀಲಿ ಬೆಳಕು ನೋಡೋ ಆಸೆಗೆ ಈ ಕೋರ್ಸ್ ತಗೊಂಡ್ರೆ ನಿರಾಸೆ ಗ್ಯಾರಂಟಿ. ಅದಕ್ಕೆ ಇರೋದು ಒಂದೇ ಒಂದು ಚಿಕ್ಕ ವಿಡಿಯೋ, ಅದ್ರಲ್ಲೂ ಅರ್ಧ ಭಾಗ ಲೂಮಿನಾಲನ್ನ ಕಣ್ಮುಚ್ಚಿ ಯಾಕೆ ನಂಬಬಾರದು ಅನ್ನೋದೇ. ರಕ್ತದ ಹಿಮೋಗ್ಲೋಬಿನ್‌ನಲ್ಲಿರೋ ಕಬ್ಬಿಣದಿಂದ ಅದು ಹೊಳೆಯುತ್ತೆ ನಿಜ, ಆದ್ರೆ ಬ್ಲೀಚ್ ಹಾಕಿ ಒರೆಸಿದ ನೆಲದ ಮೇಲೂ ಹೊಳೆಯುತ್ತೆ, ತಾಮ್ರ ಇದ್ರೂ ಹೊಳೆಯುತ್ತೆ, ಹಾಗಾಗಿ ಹೊಳೀತು ಅಂದ ತಕ್ಷಣ ರಕ್ತ ಅಂತ ರಿಪೋರ್ಟ್ ಬರೆಯಂಗಿಲ್ಲ, ಇರಬಹುದು ಅಂತ ಬರ್ಕೊಂಡು ಮುಂದಿನ ಟೆಸ್ಟ್‌ಗೆ ಕಳಿಸ್ಬೇಕು ಅಷ್ಟೇ. ಶೋಕಿ ಭಾಗಾನ ಇಷ್ಟು ಚಿಕ್ಕದಾಗಿ ಮುಗಿಸಿದ್ದು ನನಗಂತೂ ಇಷ್ಟ ಆಯ್ತು.

ಪಾಠ ಮಾಡೋರು ಫೀಲ್ಡಲ್ಲಿ ಕೆಲಸ ಮಾಡಿ ರಿಟೈರ್ ಆದವರು. ಸ್ಲೈಡ್ ಓದೋದಿಲ್ಲ, ಒಂದು ರೂಮಲ್ಲಿ ಡಮ್ಮಿ ಸೀನ್ ಸೆಟ್ ಮಾಡ್ಕೊಂಡು ಬಾಗಿಲಿಂದ ಶುರು ಮಾಡ್ತಾರೆ. ಬಾಗಿಲು ಅಂದ್ರೆ ನಿಜವಾಗ್ಲೂ ಬಾಗಿಲೇ, ಎಷ್ಟೋ ಹೊತ್ತು ಒಳಗೆ ಹೋಗೋದೇ ಇಲ್ಲ. ಟೇಪ್ ಎಲ್ಲಿ ಕಟ್ಬೇಕು, ಯಾರು ಎಷ್ಟೊತ್ತಿಗೆ ಒಳಗೆ ಹೋದ್ರು ಎಷ್ಟೊತ್ತಿಗೆ ಹೊರಗೆ ಬಂದ್ರು ಅಂತ ಬರೆಯೋಕೆ ಒಬ್ಬರನ್ನ ಅಲ್ಲೇ ನಿಲ್ಸೋದು, ಎಲ್ಲರೂ ಓಡಾಡೋಕೆ ಒಂದೇ ದಾರಿ ಗೊತ್ತು ಮಾಡೋದು, ಆ ದಾರಿ ಆರೋಪಿ ಬಂದಿರೋ ದಾರಿ ಆಗಿರಬಾರದು ಅಂತ ನೋಡ್ಕೊಳ್ಳೋದು. ಲೈಟ್ ಆನ್ ಇತ್ತಾ ಆಫ್ ಇತ್ತಾ, ಕಿಟಕಿ ತೆಗೆದಿತ್ತಾ ಅನ್ನೋದನ್ನ ಮುಟ್ಟೋಕೆ ಮುಂಚೆನೇ ಬರ್ಕೋಬೇಕು, ಯಾಕಂದ್ರೆ ಮೊದಲು ಬಂದವರು ಫ್ಯಾನ್ ಆಫ್ ಮಾಡಿಬಿಟ್ರೆ ಆಮೇಲೆ ಅದು ಹೇಗಿತ್ತು ಅಂತ ಹೇಳೋರೇ ಇರಲ್ಲ. 1910ರಲ್ಲಿ ಫ್ರಾನ್ಸಿನ ಲಿಯೋನ್‌ನಲ್ಲಿ ಪೊಲೀಸ್ ಲ್ಯಾಬ್ ಶುರು ಮಾಡಿದ ಎಡ್ಮಂಡ್ ಲೊಕಾರ್ ಹೆಸರು ಇಲ್ಲೇ ಬರುತ್ತೆ, ಎರಡು ವಸ್ತು ತಾಗಿದ್ರೆ ಒಂದರದ್ದು ಇನ್ನೊಂದಕ್ಕೆ ಅಂಟುತ್ತೆ ಅನ್ನೋ ಅವರ ಮಾತು ಆರೋಪಿಗಷ್ಟೇ ಅಲ್ಲ, ಒಳಗೆ ಹೋಗೋ ತನಿಖಾಧಿಕಾರಿಗೂ ಅನ್ವಯಿಸುತ್ತೆ ಅಂತ ಅಲ್ಲೇ ಮುಗಿಸಿ ಮುಂದೆ ಹೋಗ್ತಾರೆ.

ಫೋಟೋ ತೆಗೆಯೋ ಕ್ಲಾಸ್ ಚೆನ್ನಾಗಿದೆ. ಮೊದಲು ಇಡೀ ರೂಮು, ಆಮೇಲೆ ಆ ವಸ್ತು ಯಾವುದರ ಪಕ್ಕ ಇದೆ ಅಂತ ಗೊತ್ತಾಗೋ ಹಾಗೆ ಮಧ್ಯದ ದೂರದಿಂದ, ಕೊನೆಗೆ ಹತ್ತಿರದಿಂದ, ಅದೂ ಸ್ಕೇಲ್ ಇಡದೆ ಒಂದು, ಸ್ಕೇಲ್ ಇಟ್ಟು ಒಂದು. ಸ್ಕೇಲ್ ಇಲ್ಲದ್ದು ಯಾಕೆ ಅಂದ್ರೆ ಸ್ಕೇಲ್ ಕೆಳಗೆ ಏನೋ ಮುಚ್ಚಿಟ್ರಿ ಅಂತ ಕೋರ್ಟಲ್ಲಿ ಯಾರೂ ಕೇಳಬಾರದು. ಶೂ ಗುರುತಿಗೆ ಕ್ಯಾಮೆರಾ ನೆಟ್ಟಗೆ ಮೇಲಿಂದ್ಲೇ ಇರಬೇಕು, ಟಾರ್ಚ್ ಮಾತ್ರ ಪಕ್ಕದಿಂದ ನೆಲದ ಮಟ್ಟದಲ್ಲಿ ಹಿಡೀಬೇಕು. ಅವರು ಟಾರ್ಚ್ ಕೆಳಗಿಳಿಸ್ತಾ ಹೋದ ಹಾಗೆ, ಖಾಲಿ ಮಣ್ಣು ಅನ್ಕೊಂಡಿದ್ದ ಜಾಗದಲ್ಲಿ ಸೋಲ್‌ನ ಒಂದೊಂದೇ ಗೆರೆ ನೆರಳು ಬಿಟ್ಕೊಂಡು ಎದ್ದು ಕಾಣೋಕೆ ಶುರುವಾಗುತ್ತೆ, ಹಿಮ್ಮಡಿ ಹತ್ರ ಒಂದು ಕಡೆ ಸವೆದಿರೋದು ಕೂಡ. ಈ ಒಂದು ವಿಡಿಯೋಗೇ ಕೋರ್ಸ್ ತಗೋಬಹುದು ರೀ.

ಆದ್ರೆ ಕೋರ್ಸಿನ ಜೀವ ಇರೋದು ಪ್ಯಾಕಿಂಗ್ ಭಾಗದಲ್ಲಿ. ಹೆಸರು ಕೇಳಿದ್ರೆ ಬೋರ್ ಅನ್ಸುತ್ತೆ, ಸ್ಕಿಪ್ ಮಾಡ್ಬೇಡಿ. ರಕ್ತ ಹತ್ತಿದ ಒದ್ದೆ ಬಟ್ಟೇನ ಪ್ಲಾಸ್ಟಿಕ್ ಕವರಲ್ಲಿ ಹಾಕಿ ಸೀಲ್ ಮಾಡಿದ್ರೆ ತೇವ ಒಳಗೇ ಉಳಿದು ಬ್ಯಾಕ್ಟೀರಿಯಾ, ಬೂಷ್ಟು ಬೆಳೆದು ಡಿಎನ್ಎ ಹಾಳಾಗುತ್ತೆ, ಹಾಗಾಗಿ ಮೊದಲು ನೆರಳಲ್ಲಿ ಗಾಳಿಗೆ ಒಣಗಿಸಿ ಆಮೇಲೆ ಪೇಪರ್ ಬ್ಯಾಗು. ಮಡಚುವಾಗ್ಲೂ ಮಧ್ಯ ಪೇಪರ್ ಇಡ್ಬೇಕು, ಇಲ್ಲಾಂದ್ರೆ ಮುಂದಿನ ಕಲೆ ಹಿಂದಕ್ಕೂ ಅಂಟಿ ಎರಡು ಕಲೆ ಆಗುತ್ತೆ. ಬೆಂಕಿ ಬಿದ್ದ ಜಾಗದ ಕಾರ್ಪೆಟ್ ತುಂಡಿಗೆ ಇದರ ಉಲ್ಟಾ, ಅಲ್ಲಿ ಹುಡುಕೋದೇ ಪೆಟ್ರೋಲ್ ಆವಿನ, ಪೇಪರಲ್ಲಿ ಹಾಕಿದ್ರೆ ಲ್ಯಾಬ್ ತಲುಪೋ ಹೊತ್ತಿಗೆ ಆರಿಹೋಗಿರುತ್ತೆ, ಅದಕ್ಕೆ ಗಾಳಿಯಾಡದ ತಗಡಿನ ಡಬ್ಬಿನೇ ಬೇಕು. ಕೂದಲು, ಬಣ್ಣದ ಚೂರು ಇಂಥದ್ದಕ್ಕೆ ಪೇಪರ್ ಪೊಟ್ಟಣ ಕಟ್ಟಿ ಆಮೇಲೆ ಕವರಿಗೆ ಹಾಕೋದು, ಫೋನಿಗೆ ಸಿಗ್ನಲ್ ತಡೆಯೋ ಬ್ಯಾಗು, ಇಲ್ಲಾಂದ್ರೆ ದೂರದಿಂದ್ಲೇ ಡಿಲೀಟ್ ಮಾಡ್ಬಿಡ್ತಾರೆ. ಸೀಲ್ ಟೇಪ್ ಮೇಲೆ ಅರ್ಧ, ಬ್ಯಾಗ್ ಮೇಲೆ ಅರ್ಧ ಬರೋ ಹಾಗೆ ಸಹಿ. ಲ್ಯಾಬಲ್ಲಿ ತೆರೆಯೋರೂ ಆ ಸೀಲ್ ಬಿಟ್ಟು ಬೇರೆ ಕಡೆ ಕತ್ತರಿಸ್ಬೇಕಂತೆ, ಹಳೇ ಸಹಿ ಹಾಗೇ ಉಳೀಬೇಕು ಅಂತ. ಯಾರ ಕೈಯಿಂದ ಯಾರ ಕೈಗೆ ಹೋಯ್ತು ಅನ್ನೋ ಪಟ್ಟೀಲಿ ಒಂದು ಸಾಲು ತಪ್ಪಿದ್ರೂ ಎದುರು ಪಾರ್ಟಿ ವಕೀಲರು ಅಲ್ಲೇ ಹಿಡ್ಕೋತಾರೆ.

ಸ್ವಾಬ್ (ಕಲೆ ಒರೆಸಿ ಸ್ಯಾಂಪಲ್ ತೆಗೆಯೋ ಹತ್ತಿ ಕಡ್ಡಿ) ಪಾಠದಲ್ಲಿ ಒಣಗಿದ ಕಲೆಗೆ ಮೊದಲು ಒದ್ದೆ ಕಡ್ಡಿ, ಹಿಂದೇನೇ ಒಣ ಕಡ್ಡಿ ಹಾಕೋದು ತೋರಿಸಿ, ಜರ್ಮನಿಯ ಹೈಲ್‌ಬ್ರಾನ್ ಕೇಸ್ ಹೇಳ್ತಾರೆ. 2007ರಲ್ಲಿ ಅಲ್ಲಿ ಒಬ್ಬ ಮಹಿಳಾ ಪೊಲೀಸ್ ಕೊಲೆ ಆಯ್ತು, ಅಲ್ಲಿ ಸಿಕ್ಕ ಡಿಎನ್ಎ ಜರ್ಮನಿ, ಆಸ್ಟ್ರಿಯಾ, ಫ್ರಾನ್ಸ್‌ನ ಬೇರೆ ಬೇರೆ ಕೇಸುಗಳಲ್ಲಿ ಸಿಕ್ಕಿದ್ದ ಒಬ್ಬಳೇ ಹೆಂಗಸಿನದ್ದು, ಒಟ್ಟು 40ರ ಆಸುಪಾಸು ಕಡೆ, ಕೊಲೆಯಿಂದ ಹಿಡಿದು ಸಣ್ಣಪುಟ್ಟ ಕಳ್ಳತನದವರೆಗೂ. ವರ್ಷಗಟ್ಟಲೆ ಹುಡುಕಿದ್ರು. 2009ರಲ್ಲಿ ಗೊತ್ತಾಗಿದ್ದು ಏನಂದ್ರೆ ಅಂಥ ಹೆಂಗಸೇ ಇಲ್ಲ, ಹತ್ತಿ ಕಡ್ಡಿ ತಯಾರಾಗೋ ಕಡೆ ಕೆಲಸ ಮಾಡ್ತಿದ್ದ ಒಬ್ಬರ ಡಿಎನ್ಎ ಅದು. ಕಡ್ಡಿ ಸ್ಟೆರೈಲ್ ಆಗೇ ಇತ್ತು, ಅಂದ್ರೆ ಕ್ರಿಮಿ ಸತ್ತಿತ್ತು, ಡಿಎನ್ಎ ಹೋಗಿರಲಿಲ್ಲ. 2016ರಲ್ಲಿ ಈ ಥರ ಸಾಮಾನು ಹೇಗೆ ತಯಾರಾಗ್ಬೇಕು ಅಂತ ಐಎಸ್‌ಒ 18385 ಅನ್ನೋ ಅಂತರರಾಷ್ಟ್ರೀಯ ಸ್ಟ್ಯಾಂಡರ್ಡ್ ಬಂತು.

ಇಷ್ಟೆಲ್ಲ ಕೇಳಿ ಆದ್ಮೇಲೆ ಕಿಟ್ ಡಬ್ಬ ತೆಗೆದ್ರೆ ನಗಬೇಕೋ ಅಳಬೇಕೋ ಗೊತ್ತಾಗಲ್ಲ. ಸ್ವಾಬ್‌ಗಳೆಲ್ಲ ಒಂದೇ ಕವರಲ್ಲಿ ಬಿಡಿಬಿಡಿಯಾಗಿ ಬಿದ್ದಿವೆ, ಒಂದೊಂದಕ್ಕೆ ಬೇರೆ ಪ್ಯಾಕ್ ಇಲ್ಲ. ಎವಿಡೆನ್ಸ್ ಬ್ಯಾಗ್ ಅಂತ ಕೊಟ್ಟಿರೋದು ಪೂರ್ತಿ ಪ್ಲಾಸ್ಟಿಕ್ ಜಿಪ್ ಕವರು, ಪೇಪರ್ ಬ್ಯಾಗ್ ಒಂದೂ ಇಲ್ಲ! ಪಾಠ ಮಾಡಿದವರೂ ಪ್ಯಾಕ್ ಮಾಡಿದವರೂ ಒಬ್ಬರ ಮುಖ ಒಬ್ಬರು ನೋಡಿಲ್ಲ ಅನ್ಸುತ್ತೆ. ಪ್ರಾಕ್ಟೀಸ್‌ಗೆ ತಾನೇ ಅನ್ನಬಹುದು, ಆದ್ರೆ ಪ್ರಾಕ್ಟೀಸಲ್ಲಿ ಕೈಗೆ ಕೂತದ್ದೇ ಅಲ್ವಾ ಕೆಲಸದಲ್ಲೂ ಬರೋದು.

ಬೆರಳಚ್ಚಿನ ಸಾಮಾನು ಪರವಾಗಿಲ್ಲ. ಕಪ್ಪು ಪೌಡರ್ ನುಣ್ಣಗಿದೆ, ಗಾಜಿನ ಲೋಟದ ಮೇಲೆ ಬ್ರಷ್ ತುದಿ ತಾಗಿಯೂ ತಾಗದ ಹಾಗೆ ತಿರುಗಿಸಿದ್ರೆ ಗೆರೆ ಬಿಡಿಸಿ ಬರುತ್ತೆ, ಸ್ವಲ್ಪ ಜಾಸ್ತಿ ಹಾಕಿದ್ರೆ ಗೆರೆ ಮಧ್ಯದ ಸಂದೆಲ್ಲ ತುಂಬಿ ಬರೀ ಕಪ್ಪು ಕಲೆ. ಮ್ಯಾಗ್ನೆಟಿಕ್ ಪೌಡರೂ ಇದೆ, ಪ್ಲಾಸ್ಟಿಕ್ ಮೇಲೆ ಸಖತ್ತಾಗಿ ಕೆಲಸ ಮಾಡುತ್ತೆ, ಕಬ್ಬಿಣದ ಮೇಲೆ ಮಾತ್ರ ಹಾಕೋಕೆ ಹೋಗ್ಬೇಡಿ. ಅಚ್ಚನ್ನ ಎತ್ತಿ ತೆಗೆಯೋ ಲಿಫ್ಟಿಂಗ್ ಟೇಪ್ ಮಾತ್ರ ದರಿದ್ರ, ಕಾರ್ಡ್ ಮೇಲೆ ಅಂಟಿಸುವಾಗ ಗಾಳಿಗುಳ್ಳೆ ಬಂದು ಅರ್ಧ ಅಚ್ಚು ತಿಂದುಬಿಡುತ್ತೆ.

ಲ್ಯಾಬ್ ಭಾಗಾನ ಓಡಿಸಿಬಿಟ್ಟಿದ್ದಾರೆ. ಕಾಗದದ ಮೇಲಿನ ಬೆರಳಚ್ಚಿನ ಬೆವರಲ್ಲಿರೋ ಅಮೈನೋ ಆಮ್ಲಕ್ಕೆ ನಿನ್‌ಹೈಡ್ರಿನ್ ಅನ್ನೋ ಕೆಮಿಕಲ್ ತಾಗಿ ನೇರಳೆ ಬಣ್ಣ ಬರೋದು, ಸೂಪರ್ ಗ್ಲೂ ಆವಿ ಅಚ್ಚಿನ ಗೆರೆ ಮೇಲೆ ಕೂತು ಬಿಳಿ ಆಗೋದು, ಎರಡೂ ಐದು ನಿಮಿಷದಲ್ಲಿ ಖಲಾಸ್. ಒದ್ದೆಯಾದ ಕಾಗದಕ್ಕೆ ನಿನ್‌ಹೈಡ್ರಿನ್ ಯಾಕೆ ಕೆಲಸಕ್ಕೆ ಬರಲ್ಲ (ಅಮೈನೋ ಆಮ್ಲ ನೀರಲ್ಲಿ ತೊಳೆದುಹೋಗುತ್ತೆ) ಅನ್ನೋದನ್ನೂ ಹೇಳಿಲ್ಲ, ಫೀಲ್ಡಲ್ಲಿರೋರಿಗೆ ಬೇಕಾಗಿದ್ದೇ ಅದು.

ಕ್ವಿಜ್ ಸುಮಾರು. ಸರ್ಟಿಫಿಕೇಟ್ ನೋಡಿ ಯಾರೂ ಕೆಲಸ ಕೊಡಲ್ಲ, ಅದನ್ನ ಅವರೇ ಕೆಳಗೆ ಸಣ್ಣಕ್ಷರದಲ್ಲಿ ಬರೆದಿದ್ದಾರೆ. ಕಾನೂನು ಓದ್ತಿರೋರು, ಕ್ರೈಮ್ ರಿಪೋರ್ಟಿಂಗ್ ಮಾಡೋರು, ಪತ್ತೇದಾರಿ ಕತೆ ಬರೆಯೋರು ಧಾರಾಳವಾಗಿ ತಗೊಳ್ಳಿ, ಕಿಟ್ ಇಲ್ಲದ ಪ್ಲಾನೇ ಸಾಕು. ಪೇಪರ್ ಬ್ಯಾಗ್ ವಿಷಯ ಸಪೋರ್ಟ್‌ಗೆ ಬರೆದೆ, ನಿಮ್ಮ ಸಲಹೆಗೆ ಧನ್ಯವಾದ ಅಂತ ಉತ್ತರ ಬಂತು, ಜೊತೆಗೆ ಎಕ್ಸ್‌ಟ್ರಾ ಜಿಪ್ ಕವರ್ ಕಳಿಸ್ತೀವಿ ಅಂದ್ರು.